ಗೋಡೆಯ ಬಾಯಿಗೆ ಹಾಕಿದ ಉಡಿ

ನಾನು ಒಬ್ಬನ ಹೊಟ್ಟೆಯ ಮೇಲೆ ಹೊಡೆದಿದ್ದೇನೆ. ಗೊತ್ತಿಲ್ಲದೆ ಅಲ್ಲ, ಗೊತ್ತಿದ್ದೇ ಹೊಡೆದೆ. ಅದನ್ನು ಬರೆಯಲು ಕೂತಿದ್ದೇನೆ. ನನ್ನ ಓದು ಅಷ್ಟಕ್ಕಷ್ಟೆ. ಹೆಬ್ಬೆಟ್ಟು ಬಿಟ್ಟು ಸಹಿ ಮಾಡಲು ಕಲಿತದ್ದೇ ಐವತ್ತು ದಾಟಿದ ಮೇಲೆ. ಒತ್ತಕ್ಷರ ಈಗಲೂ ತಪ್ಪುತ್ತವೆ, ತಿದ್ದುವವರು ತಿದ್ದಿಕೊಳ್ಳಲಿ. ಹೆಸರು ಮಾತ್ರ ಯಾರದೂ ಹಾಕುವುದಿಲ್ಲ. ಹೆಸರು ಕೆಡಿಸುವ ಕೆಲಸ ಒಮ್ಮೆ ಮಾಡಿದ್ದು ಸಾಕು.

ನಾನಿರುವುದು ಕೊಪ್ಪಳದ ಮಗ್ಗುಲಿನ ಭಾಗ್ಯನಗರದಲ್ಲಿ. ಮೊದಲು ಗಂಗಾವತಿಯ ಕಡೆ, ಕಾಲುವೆ ನೀರಿನ ಊರಲ್ಲಿ, ಭತ್ತದ ನಾಟಿ ಮಾಡಿಕೊಂಡಿದ್ದವಳು. ಗಂಡ ಸತ್ತು ಹದಿನೈದು ವರ್ಷವಾಯಿತು. ಸೊಂಟ ಬಗ್ಗದಂತಾದ ಮೇಲೆ ನಾಟಿ ಬಿಟ್ಟು ಇತ್ತ ಬಂದು, ಮಗಳ ಮನೆಯ ಮಗ್ಗುಲಲ್ಲಿ ಒಂದು ಕೋಣೆ ಹಿಡಿದೆ. ಎರಡು ಓಣಿ ಆಚೆ ಸುಟ್ಟ ಮೋಟಾರಿಗೆ ತಂತಿ ಸುತ್ತುವ ಅಂಗಡಿಯ ಮಿಸ್ತ್ರಿ ಇದ್ದಾನೆ. ಐವತ್ತರ ಆಸುಪಾಸಿನವನು. ನನಗೆ ದೊಡವ್ವ ಅನ್ನುತ್ತಾನೆ. ರಕ್ತಸಂಬಂಧವೇನಲ್ಲ, ಓಣಿಯ ಸಂಬಂಧ. ಕೊಪ್ಪಳದ ಹೊರಗೆ, ಕುಷ್ಟಗಿ ರಸ್ತೆಯಲ್ಲಿ, ಕಲ್ಲಿನ ಕ್ವಾರಿಯ ಸಾವ್ಕಾರರ ಮನೆ. ಅಲ್ಲಿ ನನ್ನನ್ನು ಕೆಲಸಕ್ಕೆ ಹಚ್ಚಿದವನೂ ಅವನೇ. ಅಂಗಳ ಗುಡಿಸುವುದು, ಗಿಡಕ್ಕೆ ನೀರು ಹಾಕುವುದು, ಇಷ್ಟೇ ಕೆಲಸ.

ಆ ಮನೆಯ ಹಿಂದೆ ಈಜುವ ಹೊಂಡವಿದೆ. ಸಾವ್ಕಾರರು ಅದಕ್ಕೆ ಸ್ವಿಮ್ಮಿಂಗ್ ಪೂಲ್ ಅನ್ನುತ್ತಾರೆ, ನಾವು ಕೆಲಸದವರು ಹೊಂಡ ಅನ್ನುತ್ತೇವೆ. ನೀಲಿ ಟೈಲ್ಸಿನದು. ನಮ್ಮ ಕಡೆ ಗಾಳಿ ಅಂದರೆ ಮಣ್ಣು. ನಾಲ್ಕು ದಿನ ಬಿಟ್ಟರೆ ತಳದಲ್ಲಿ ಹಿಟ್ಟಿನಂಥ ಧೂಳು ಕೂರುತ್ತದೆ. ನೀರಿನೊಳಗಿನ ಕಸವನ್ನು ಕಸಬರಿಗೆಯಿಂದ ಗುಡಿಸಲು ಬರುವುದಿಲ್ಲ, ಎದ್ದು ರಾಡಿಯಾಗುತ್ತದೆ. ಅದಕ್ಕೆ ವ್ಯಾಕ್ಯೂಮ್ ಎಂಬುದಿದೆ. ಉದ್ದನೆಯ ಕೋಲು, ತುದಿಗೆ ಗಾಲಿಯ ಅಗಲ ತಟ್ಟೆ, ತಟ್ಟೆಗೆ ದಪ್ಪನೆಯ ಪೈಪು. ಪೈಪಿನ ಇನ್ನೊಂದು ತುದಿಯನ್ನು ಹೊಂಡದ ಗೋಡೆಯಲ್ಲಿ ನೀರಿನ ಮಟ್ಟಕ್ಕಿರುವ ಒಂದು ಬಾಯಿಗೆ ಸಿಗಿಸಬೇಕು. ಆ ಬಾಯಿಯಿಂದ ನೀರು ಪಂಪಿಗೆ ಹೋಗುತ್ತದೆ. ಪಂಪು ಎಳೆದರೆ ತಟ್ಟೆ ಧೂಳು ನುಂಗುತ್ತದೆ. ಎಳೆಯದಿದ್ದರೆ ಕೋಲು ಹಿಡಿದು ಕತ್ತೆಯಂತೆ ನಿಲ್ಲಬೇಕು.

ಮಿಸ್ತ್ರಿ ವಾರಕ್ಕೊಮ್ಮೆ ಬಂದು ಈ ಕೆಲಸ ಮಾಡುತ್ತಿದ್ದ. ನಾನು ಪೊರಕೆ ಹಿಡಿದು ನೋಡುತ್ತಾ ನಿಲ್ಲುತ್ತಿದ್ದೆ. ಒಂದು ದಿನ ಅವನೇ ಕರೆದ.

"ಬಾ ದೊಡವ್ವಾ, ನೀನ ಕಲಿ. ಪೈಪಿನಾಗ ಗಾಳಿ ಇತ್ತಂದ್ರ ಇದು ಎಳಿಯಂಗಿಲ್ಲ. ಮೊದಲ ಪೈಪಿಗೆ ನೀರು ಕುಡಿಸಬೇಕು."

"ಇದನ್ನ ನೀ ನನಗ ಹೇಳ್ತೀ? ಕಾಲುವಿ ನೀರು ಹೊಲಕ್ಕ ಹಾಯಿಸಾಕ ಪೈಪಿಗೆ ನೀರು ತುಂಬಿ, ಅಂಗೈಲೆ ಬಾಯಿ ಮುಚ್ಚಿ, ಏರಿ ದಾಟಿಸಿ ಬಿಟ್ಟಾಕಿ ನಾನು. ನೀ ಆಗ ಚಡ್ಡಿ ಹಾಕ್ಕೊಂಡಿದ್ದಿಲ್ಲ."

"ಹಂಗಾರ ನೀನ ದೊಡ್ಡ ಮಿಸ್ತ್ರಿ. ನಾ ಮನಿಗೆ ಹೋಗ್ಲೇನು?" ಅಂದು ನಕ್ಕ.

ಅವತ್ತಿನಿಂದ ಕೆಲಸ ಕಲಿಸಿದ. ಅವನದು ಒಂದು ಕ್ರಮ. ಜ್ವರ ಬಂದವನ ನಾಲಿಗೆ ನೋಡಿ, ನಾಡಿ ಹಿಡಿದು, ಆಮೇಲೆ ಹೊಟ್ಟೆ ಒತ್ತುವ ಹಾಗೆ. ಎಳೆತ ಕಡಿಮೆಯಾದರೆ ಮೊದಲು ಹೊಂಡದ ನೀರು ನೋಡು, ಗೋಡೆಯ ಬಾಯಿಗಿಂತ ಕೆಳಗಿಳಿದಿದ್ದರೆ ಅದು ಗಾಳಿ ಕುಡಿಯುತ್ತದೆ. ಆಮೇಲೆ ಬಾಯೊಳಗಿನ ಜಾಲರಿ ಬುಟ್ಟಿ, ಬೇವಿನ ಎಲೆ ತುಂಬಿರುತ್ತದೆ. ಆಮೇಲೆ ಪಂಪಿನ ಬುಟ್ಟಿ. ಆಮೇಲೆ ಮರಳಿನ ಫಿಲ್ಟರಿನ ಮುಳ್ಳು, ಅದು ಮೇಲೆ ಹತ್ತಿದ್ದರೆ ನೀರು ಉಲ್ಟಾ ಬಿಟ್ಟು ಮರಳು ತೊಳೆ. ನೆಲದ ವಾಲ್ ಮುಚ್ಚಿದೆಯೋ ನೋಡು, ಅದು ತೆರೆದಿದ್ದರೆ ಪಂಪು ಹೊಂಡದ ತಳದ ತೂತಿನಿಂದಲೇ ನೀರು ಎಳೆದುಕೊಳ್ಳುತ್ತದೆ, ತಟ್ಟೆಗೆ ಏನೂ ಉಳಿಯುವುದಿಲ್ಲ. ಇದೆಲ್ಲ ಸರಿ ಇದ್ದರೆ ಪೈಪಿನ ಸೀಳು ಹುಡುಕು.

ಎರಡು ಮಾತು ಮಾತ್ರ ಬೆರಳೆತ್ತಿ ಹೇಳಿದ್ದ. "ಬುಟ್ಟಿ ಇಲ್ಲದಾಗ ಗ್ವಾಡಿ ಬಾಯಿ ತೆರದು ಪಂಪ್ ನಡಸಬ್ಯಾಡ. ಪಂಪಿನ ಮುಚ್ಚಳದ ರಬ್ಬರಿಗೆ ನಾ ಕೊಡೋ ಬಿಳಿ ಗ್ರೀಸ್ ಬಿಟ್ಟು ಮನಿ ಎಣ್ಣಿ ಹಚ್ಚಬ್ಯಾಡ."

ಎರಡೂ ಮಾತನ್ನು ನಾನು ಮೀರಿದೆ. ಒಂದನ್ನು ಮರೆತು, ಇನ್ನೊಂದನ್ನು ಸೊಕ್ಕಿನಿಂದ.

ಆರು ತಿಂಗಳಲ್ಲಿ ಹೊಂಡ ನನ್ನ ಕೈಗೆ ಬಂತು. ಮಿಸ್ತ್ರಿ ತಿಂಗಳಿಗೊಮ್ಮೆ ಬಂದು ನೋಡಿ ಹೋಗುತ್ತಿದ್ದ. ಸಾವ್ಕಾರರ ಹೆಂಡತಿ, ಅವರಿಗೆ ನಾವು ಅಮ್ಮಾರು ಅನ್ನುತ್ತೇವೆ, ಬಂದ ಬೀಗರ ಎದುರು "ನಮ್ಮ ಅಜ್ಜಿ ನೋಡ್ರಿ, ಅಕ್ಷರ ಬರಂಗಿಲ್ಲ, ಮಿಷನ್ ನಡಸ್ತಾಳ" ಅನ್ನುತ್ತಿದ್ದರು. ಅಕ್ಷರ ಬರುತ್ತದೆ ಎಂದು ನಾನು ಹೇಳಲಿಲ್ಲ. ಬಾರದವಳು ನಡೆಸುತ್ತಾಳೆ ಅಂದರೆ ಹೆಚ್ಚುಗಾರಿಕೆಯಲ್ಲವೇ.

ಹೋದ ಬೇಸಿಗೆಗೆ ಮುಂಚೆ ಹೊಂಡದ ಟೈಲ್ಸು ಎದ್ದವು. ನೀರೆಲ್ಲ ಬಸಿದು ರಿಪೇರಿ ಮಾಡಿಸಿದರು. ಮಿಸ್ತ್ರಿ ಗೋಡೆಯ ಬಾಯಿಯ ಹಿಂದಿನ ಪೈಪಿಗೆ ಹೊಸ ಜೋಡಣೆ ಹಾಕಿ ಅಂಟು ಬಳಿದು ಹೋದ. ಟ್ಯಾಂಕರ್ ಮೇಲೆ ಟ್ಯಾಂಕರ್ ಬಂದು ಹೊಸ ನೀರು ತುಂಬಿತು. ಅದೇ ವಾರ ಅಮ್ಮಾರ ಮಗಳು ಹೆರಿಗೆಗೆಂದು ತವರಿಗೆ ಬಂದಳು. ಆಗ ಏಳು ತಿಂಗಳು. ಬೆನ್ನುನೋವಿಗೆ ದಿನಾ ಎದೆಮಟ್ಟ ನೀರಿನಲ್ಲಿ ನಡೆಯಬೇಕೆಂದು ಡಾಕ್ಟರು ಹೇಳಿದ್ದರಂತೆ.

ನನಗೆ ಅದು ಸರಿ ಬರಲಿಲ್ಲ. ನಮ್ಮಲ್ಲಿ ಹೊಸ ನೀರು ಬಂದರೆ, ಬಾವಿಯಾಗಲಿ ಬೋರಾಗಲಿ, ಗಂಗವ್ವನಿಗೆ ಉಡಿ ತುಂಬದೆ ಒಂದು ಕೊಡ ಎತ್ತುವುದಿಲ್ಲ. ಅಂಥದರಲ್ಲಿ ಬಸುರಿ ಹೆಂಗಸು ಇಳಿಯುವುದೇ? ಅಮ್ಮಾರಿಗೆ ಹೇಳಿದೆ.

"ಅಮ್ಮಾರ, ಐದು ಮಂದಿ ಮುತ್ತೈದೇರನ್ನ ಕರದು ಒಂದು ಉಡಿ ತುಂಬಿಸಿ ಬಿಡ್ರಿ."

"ಅಜ್ಜೀ, ಅದೇನ್ ಬಾವಿ ಐತೇನು? ಔಷಧ ಹಾಕಿದ ನೀರು. ಟ್ಯಾಂಕರ್‌ನವಗ ಉಡಿ ತುಂಬ್ಲೇನು?"

"ಟ್ಯಾಂಕರ್‌ನಾಗ ಬಂದ್ರೂ ಗಂಗವ್ವ ಗಂಗವ್ವನ ರೀ."

"ನಡಿ, ನಡಿ. ಗಿಡಕ್ಕ ನೀರು ಬಿಡು."

ಸುಮ್ಮನಾಗಬೇಕಿತ್ತು. ಆಗಲಿಲ್ಲ. ನಾನೇ ತುಂಬಿದೆ. ನಾನು ಗಂಡ ಸತ್ತವಳು. ಉಡಿ ತುಂಬುವ ಕೈ ನನ್ನದಲ್ಲ. ಅದೂ ಬಸುರಿ ಮಗಳಿರುವ ಮನೆಯಲ್ಲಿ. ಇದು ಗೊತ್ತಿದ್ದೂ ಮಾಡಿದೆ. ನೀರಿಗೆ ಯಾರ ಹಣೆಯಲ್ಲಿ ಕುಂಕುಮವಿದೆ, ಯಾರ ಹಣೆಯಲ್ಲಿ ಇಲ್ಲ ಎಂದು ಕಾಣುವುದಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಮಾಡಬಾರದ್ದು ಮಾಡುವಾಗ ಇಂಥ ಮಾತು ಬೇಗ ಹೊಳೆಯುತ್ತವೆ.

ಒಂದು ಹೊಸ ಖಣ, ರವಿಕೆಯಷ್ಟು ಬಟ್ಟೆ, ಹಸಿರು ಮೈಗೆ ಕೆಂಪು ಅಂಚಿನದು, ಕುಕನೂರು ಸಂತೆಯಲ್ಲಿ ತಂದು ನನ್ನ ಮಗಳಿಗೆಂದು ಇಟ್ಟದ್ದಿತ್ತು. ಅದರಲ್ಲಿ ಹಿಡಿ ಅಕ್ಕಿ, ಒಂದು ಅರಿಶಿನದ ಕೊಂಬು, ಎರಡು ಬಳೆ, ಅಡಿಕೆ ಹಾಕಿ ಗಂಟು ಕಟ್ಟಿದೆ. ಬೆಳಗ್ಗೆ ಆರಕ್ಕೆ ಮೊದಲು ಹೋದೆ. ಮನೆಯವರು ಎದ್ದಿರಲಿಲ್ಲ. ನೀರಿಗೆ ಅರಿಶಿನ ಕುಂಕುಮ ಹಾಕಿದರೆ ಬಣ್ಣ ಕಾಣುತ್ತದೆಂದು ಅವನ್ನು ಬಿಟ್ಟೆ. ಗಂಟನ್ನು ಗೋಡೆಯ ಬಾಯಿಯ ಎದುರು ನೀರಿನ ಮೇಲೆ ಇಟ್ಟೆ. ಅಷ್ಟೊತ್ತಿಗೆ ಪಂಪು ತನ್ನಷ್ಟಕ್ಕೆ ತಾನೇ ಚಾಲೂ ಆಯಿತು. ಆರು ಗಂಟೆಗೆ ಚಾಲೂ ಆಗುವ ಹಾಗೆ ಗಡಿಯಾರ ಕಟ್ಟಿದ್ದರು. ಗಂಟು ಸ್ವಲ್ಪ ತಿರುಗಿ, ತಲೆ ಬಗ್ಗಿಸಿದಂತೆ ಮಾಡಿ, ಬಾಯೊಳಗೆ ಹೋಗಿಬಿಟ್ಟಿತು.

ನಾನು ಕೈಮುಗಿದೆ. ಬಾವಿಗೆ ಹಾಕಿದರೆ ತೇಲುತ್ತದೆ, ಇಲ್ಲ ಮುಳುಗುತ್ತದೆ. ಇಲ್ಲಿ ಗಂಗವ್ವ ತಾನಾಗಿ ಉಡಿ ಒಡ್ಡಿ ಇಸಿದುಕೊಂಡಳು ಎಂದು ನನ್ನ ಎದೆ ತುಂಬಿ ಬಂತು. ಹಿಂದಿನ ಸಂಜೆ ವ್ಯಾಕ್ಯೂಮ್ ಸಿಗಿಸಲು ಬಾಯೊಳಗಿನ ಬುಟ್ಟಿ ತೆಗೆದವಳು ನಾನು. ಬುಟ್ಟಿ ಕಟ್ಟೆಯ ಮೇಲೆ ಬೋರಲು ಬಿದ್ದಿತ್ತು. ಅದರ ಮಗ್ಗುಲಲ್ಲೇ ನಿಂತು ಕೈಮುಗಿದಿದ್ದೆ. ಹೋಗುವಾಗ ಅದನ್ನು ಎತ್ತಿ ಜಾಗಕ್ಕೆ ಇಟ್ಟೆ. ಆಗಲೂ ತಲೆಗೆ ಹೋಗಲಿಲ್ಲ.

ಎರಡು ದಿನ ಬಿಟ್ಟು ವ್ಯಾಕ್ಯೂಮ್ ಹಚ್ಚಿದೆ. ಎಳೆಯಲಿಲ್ಲ. ತಟ್ಟೆ ಧೂಳಿನ ಮೇಲೆ ಸುಮ್ಮನೆ ಜಾರಿತು. ಅಂಗೈ ಇಟ್ಟು ನೋಡಿದೆ, ಹಲ್ಲಿಲ್ಲದ ಮುದುಕ ಚಹಾ ಹೀರಿದಷ್ಟು ಎಳೆತ. ಪೈಪನ್ನು ಮತ್ತೆ ಪಂಪಿನ ನೀರು ಹೊಂಡಕ್ಕೆ ವಾಪಸ್ ಚಿಮ್ಮುವ ತೂತಿಗೆ ಹಿಡಿದು, ಗುಳ್ಳೆ ನಿಲ್ಲುವ ತನಕ ನೀರು ಕುಡಿಸಿದೆ. ಇಲ್ಲ. ನೀರಿನ ಮಟ್ಟ ಸರಿ ಇತ್ತು. ಬುಟ್ಟಿ ಖಾಲಿ. ಪಂಪಿನ ಬುಟ್ಟಿಯಲ್ಲಿ ನಾಲ್ಕು ಕಾಳು ಅಕ್ಕಿ ಉಬ್ಬಿ ಕೂತಿದ್ದವು. ಗುಬ್ಬಿ ಚೆಲ್ಲಿರಬೇಕು ಎಂದು ಒಗೆದೆ. ಮರಳು ತೊಳೆದೆ. ಪೈಪಿನ ಉದ್ದಕ್ಕೂ ಕಿವಿ ಇಟ್ಟು ಸೀಳು ಹುಡುಕಿದೆ. ಪಂಪಿನ ಮುಚ್ಚಳದ ಗಾಜಿನೊಳಗೆ ನೀರು ಅರ್ಧಕ್ಕೆ ಇಳಿದು ಗುಳುಗುಳು ಅನ್ನುತ್ತಿತ್ತು. ರಬ್ಬರು ಒಣಗಿ ಗಾಳಿ ಎಳೆಯುತ್ತಿರಬೇಕು ಅಂದುಕೊಂಡೆ. ಬಿಳಿ ಗ್ರೀಸು ತೀರಿತ್ತು. ತಲೆಗೆ ಹಚ್ಚುವ ಕೊಬ್ಬರಿ ಎಣ್ಣೆಯನ್ನು ಬೆರಳಿಗೆ ಮೆತ್ತಿಕೊಂಡು ರಬ್ಬರಿಗೆ ತೀಡಿದೆ. ಎಣ್ಣೆ ಎಣ್ಣೆಯೇ, ಇವನದೇನು ಹೆಚ್ಚುಗಾರಿಕೆ ಎಂದು. ಅದಕ್ಕೂ ಎಳೆಯಲಿಲ್ಲ. ನೆಲದ ವಾಲ್ ತೆರೆದರೆ ಪಂಪು ಸರಾಗ ಓಡುತ್ತಿತ್ತು. ಮುಚ್ಚಿದರೆ ಉಸಿರುಗಟ್ಟುತ್ತಿತ್ತು.

ತಳದಲ್ಲಿ ಧೂಳು ದಪ್ಪವಾಯಿತು. ಅಮ್ಮಾರ ಮಗಳು ಕಾಲಿಟ್ಟರೆ ಹೊಗೆ ಎದ್ದಂತೆ ಏಳುತ್ತಿತ್ತು. ಅಮ್ಮಾರು ಮಿಸ್ತ್ರಿಗೆ ಫೋನ್ ಮಾಡಿದರು.

ಅವನು ಬಂದ. ಹೆಗಲ ಮೇಲೆ ಎಂದಿನ ಹಾಗೆ ಕೈ ಒರೆಸುವ ಚಿಂದಿ. ನಾನು ಏನೇನು ನೋಡಿದ್ದೇನೆಂದು ಕೇಳಿದ. ಹೇಳಿದೆ. ಎಣ್ಣೆಯ ಮಾತು ಬಿಟ್ಟು ಎಲ್ಲ ಹೇಳಿದೆ. ಅವನು ನೆಲದ ವಾಲ್ ತೆರೆದ, ಮುಚ್ಚಿದ, ಮುಳ್ಳು ನೋಡಿದ. ಗೋಡೆಯ ಬಾಯೊಳಗೆ ಮೊಣಕೈ ತನಕ ಕೈ ಇಳಿಸಿದ. ಅಮ್ಮಾರು ಬಂದು ನಿಂತರು. ಕುರ್ಚಿಯಲ್ಲಿ ಮಗಳು ಕೂತಿದ್ದಳು. ಅವನು ಎದ್ದು ಕೈ ಒರೆಸಿಕೊಳ್ಳುತ್ತಾ ಅಂದ:

"ಒಳಗ ಪೈಪಿನಾಗ ಏನೋ ಅಡ್ಡ ಸಿಗೇ ಬಿದ್ದೈತ್ರಿ. ದೊಡವ್ವಾ, ಏನರ ಹಾಕಿಯೇನು? ಅರಿವಿ ಗಿರಿವಿ?"

ಆಗ ನನಗೆ ಗೊತ್ತಾಯಿತು. ಗೊತ್ತಾಗಲಿಲ್ಲ ಎಂದು ಬರೆಯಬಹುದು, ಕೇಳುವವರು ಯಾರಿದ್ದಾರೆ. ಆದರೆ ಗೊತ್ತಾಯಿತು. ಕಟ್ಟೆಯ ಮೇಲೆ ಬೋರಲು ಬಿದ್ದ ಬುಟ್ಟಿ, ತಲೆ ಬಗ್ಗಿಸಿ ಒಳಹೋದ ಗಂಟು, ಉಬ್ಬಿದ ಅಕ್ಕಿ, ಎಲ್ಲ ಒಮ್ಮೆಲೇ ಕಣ್ಣ ಮುಂದೆ ಬಂದವು. ಮಗಳ ಹೊಟ್ಟೆಯನ್ನೂ ನೋಡಿದೆ. ಗಂಡ ಸತ್ತವಳು ಉಡಿ ತುಂಬಿದ ನೀರಿನಲ್ಲಿ ಮಗಳು ಇಳಿದಳು ಎಂದು ಗೊತ್ತಾದರೆ ಅಮ್ಮಾರು ನನ್ನನ್ನು ಗೇಟಿನ ಒಳಗೆ ಬಿಡುತ್ತಾರೆಯೇ? ಹೆರಿಗೆಯಲ್ಲಿ ಒಂದು ಹೋಗಿ ಒಂದಾದರೆ ಅದೂ ನನ್ನ ತಲೆಗೇ. ನನ್ನ ಕಣ್ಣು ಅವನ ಹೆಗಲಿನ ಚಿಂದಿಯ ಮೇಲೆ ಬಿತ್ತು.

"ನನ್ನೇನು ಕೇಳ್ತಿ? ಪೈಪು ಬಿಚ್ಚಿ ಅಂಟು ಹಚ್ಚಿದಾಂವ ನೀನು. ನಿನ್ನ ಚಿಂದಿನ ಒಳಗ ಬಿಟ್ಟು ಮುಚ್ಚಿರಬೇಕು ನೋಡು. ಎರಡು ಇರ್ತಿದ್ವು ನಿನ್ನ ಹೆಗಲ ಮ್ಯಾಲ. ಇವತ್ತು ಒಂದ ಐತಿ."

ಅವನು ನನ್ನನ್ನೇ ನೋಡಿದ. ಸಿಟ್ಟಿನಿಂದ ಅಲ್ಲ. ಕೇಳಿದ್ದು ಸರಿಯಾಗಿ ಕೇಳಿಸಿತೋ ಇಲ್ಲವೋ ಅನ್ನುವವನ ಹಾಗೆ.

"ದೊಡವ್ವಾ, ನಾ ಮೂವತ್ತು ವರ್ಷದಾಗ ಒಂದು ಪೈಪಿನಾಗೂ..."

"ಹಂಗಂತ ಎಲ್ಲಾರೂ ಅಂತಾರ," ಅಂದೆ.

ಅಮ್ಮಾರು ಮಧ್ಯೆ ಬಂದರು. "ಹೊಸಾ ಜೋಡಣಿ ಹಾಕಿದ ಮ್ಯಾಲ ಕೆಟ್ಟಿದ್ದು ಖರೇನ ಐತಲ್ಲ?"

"ಖರೆ ಐತ್ರಿ. ನಾಳೆ ಪ್ರೆಶರ್ ಮಿಷನ್ ತಂದು ಹಿಂದಿಂದ ಹೊಡದು ತಗದು ತೋರಸ್ತೀನಿ. ಏನೈತಿ ಅಂತ ನೀವ ನೋಡ್ರಿ."

"ಬ್ಯಾಡ ಬಿಡು. ನೀನ ಹಾಕಿ ನೀನ ತಗಿಯೂದು. ಹೊಸಪೇಟಿ ಕಂಪನಿಯವರನ್ನ ಕರಸ್ತೀನಿ."

ಅವನು ಪಾನೆ, ಸ್ಕ್ರೂಡ್ರೈವರ್ ಒಂದೊಂದೇ ಪೆಟ್ಟಿಗೆಗೆ ಇಟ್ಟುಕೊಂಡ. ಹೋಗುವಾಗ ಪೆಟ್ಟಿಗೆ ಎತ್ತಲು ನಾನು ಎಂದಿನ ಹಾಗೆ ಕೈ ಹಚ್ಚಲು ಹೋದೆ. "ಇರ್ಲಿ ಬಿಡ್ರಿ," ಅಂದ. ನನಗೆ ಅವನು ರಿ ಹಚ್ಚಿದ್ದು ಅದೇ ಮೊದಲು.

ಹೊಸಪೇಟೆಯವರು ಬರಲು ಎರಡು ದಿನವಿತ್ತು. ಅವರು ಬಂದು ಖಣ ತೆಗೆದರೆ ನನ್ನ ಕಥೆ ಮುಗಿಯಿತು. ಮರುದಿನ ಅಮ್ಮಾರು ಮಗಳನ್ನು ಆಸ್ಪತ್ರೆಗೆ ಕರೆದೊಯ್ದಾಗ ನಾನೇ ಕೈ ಹಾಕಿದೆ. ಅವನು ಬಾಯಲ್ಲಿ ಹೇಳಿದ್ದನ್ನೇ ಮಾಡಿದೆ. ಪಂಪು ಬಂದ್ ಮಾಡಿ, ಮುಚ್ಚಳ ತೆಗೆದು, ಬುಟ್ಟಿ ಎತ್ತಿ, ನೀರು ಒಳಬರುವ ತೂತಿಗೆ ತೋಟದ ಪೈಪು ತುರುಕಿದೆ. ಸುತ್ತ ಸೈಕಲ್ ಟ್ಯೂಬು ಬಿಗಿದೆ. ನೆಲದ ವಾಲ್ ಮುಚ್ಚಿ ನಳ ಪೂರ್ತಿ ತಿರುವಿದೆ. ಹೋಗಿ ಗೋಡೆಯ ಬಾಯಿಯ ಹತ್ತಿರ ಕೂತೆ. ಮೊದಲು ಗುಳ್ಳೆ. ಆಮೇಲೆ ಅಕ್ಕಿ. ಆಮೇಲೆ ಹಸಿರು ಖಣದ ತುದಿ. ಹಿಡಿದು ಎಳೆದೆ. ಈಯುವ ಎಮ್ಮೆಯ ಹೊಟ್ಟೆಯಿಂದ ಕರು ಎಳೆದಷ್ಟು ಭಾರ. ಬಂತು. ಗಂಟು ಸಡಿಲಾಗಿತ್ತು, ಬಳೆ ಒಡೆದಿದ್ದವು, ಕೆಂಪು ಅಂಚಿನ ಬಣ್ಣ ಹಸಿರಿಗೆ ಇಳಿದಿತ್ತು. ಹಿಂಡಿ, ನನ್ನ ಸೀರೆಯ ಉಡಿಯಲ್ಲೇ ಕಟ್ಟಿಕೊಂಡೆ. ಹೊಟ್ಟೆಯ ಮೇಲೆ ತಣ್ಣಗೆ ಹತ್ತಿತು.

ಸಂಜೆ ವ್ಯಾಕ್ಯೂಮ್ ಹಚ್ಚಿದೆ. ಎಳೆಯಿತು. ಅಮ್ಮಾರು ಬಂದು ಬಾಯಿ ತೆರೆದು ನಿಂತರು.

"ಏನಿತ್ತಜ್ಜೀ?"

"ಚಿಂದಿ ರೀ," ಅಂದೆ.

ಗಂಗವ್ವನಿಗೆ ಕೊಟ್ಟ ಖಣಕ್ಕೆ ಚಿಂದಿ ಅಂದ ಬಾಯಿ ಇದು. ಮಿಸ್ತ್ರಿಯ ಮೇಲೆ ಹೊರಿಸಿದ್ದು ಹೆದರಿಕೆಯಿಂದ ಅಂದುಕೊಳ್ಳೋಣ. ಇದು ಹೆದರಿಕೆ ಅಲ್ಲ. ಆಗ ನನಗೆ ಹೆದರಿಕೆ ಹೋಗಿತ್ತು. ಗೆದ್ದೆ ಅಂದುಕೊಂಡಿದ್ದೆ.

"ನೋಡಿದ್ಯಾ, ನಾ ಅನ್ನಲಿಲ್ಲ?" ಅಂದರು ಅಮ್ಮಾರು. ಹೊಸಪೇಟೆಯವರಿಗೆ ಬರಬೇಡಿ ಅಂದರು. ಸಾಣಾಪುರದ ಕೆರೆಯ ಕಡೆ ಅವರ ತಂಗಿಯದು ಪ್ರವಾಸಿಗರಿಗೆ ಕೋಣೆ ಕೊಡುವ ಮನೆ ಇದೆ, ಅಲ್ಲೂ ಒಂದು ಹೊಂಡ. ಆ ತಂಗಿಗೂ ಫೋನಿನಲ್ಲಿ ನಗುತ್ತಾ ಹೇಳಿದರು. ಅಲ್ಲಿಯ ಕೆಲಸವೂ ಮಿಸ್ತ್ರಿಯದೇ. ಅದೂ ಹೋಯಿತು. ಕಟ್ಟೆ ತೊಳೆಯುತ್ತಾ ನಾನು ಎಲ್ಲ ಕೇಳಿಸಿಕೊಂಡೆ. ಕೈ ನಿಲ್ಲಿಸಲಿಲ್ಲ.

ತಿಂಗಳು ಕಳೆಯಿತು. ಹೊಂಡಕ್ಕೆ ಈಗ ನಾನೇ ಯಜಮಾನಿ. ಮಿಸ್ತ್ರಿಯ ಅಂಗಡಿಯ ಮುಂದಿನ ದಾರಿ ಬಿಟ್ಟು ಸುತ್ತು ಹಾಕಿ ಬಸ್ ಸ್ಟಾಪಿಗೆ ಹೋಗತೊಡಗಿದೆ. ಮೊಣಕಾಲು ನೋಯುವವಳಿಗೆ ಅದೇನು ಸಣ್ಣ ಸುತ್ತಲ್ಲ. ಎಳೆತ ಮಾತ್ರ ಮೊದಲಿನಂತೆ ಇರಲಿಲ್ಲ, ಬರಬರುತ್ತಾ ಮತ್ತೆ ಸೋತಿತು. ನಡೆದೀತು ಎಂದು ಬಿಟ್ಟೆ. ಕೇಳಲು ಯಾರನ್ನು ಕೇಳಲಿ?

ಒಂದು ದಿನ ಹಿಟ್ಟಿನ ಗಿರಣಿಯಲ್ಲಿ ಜೋಳದ ಡಬ್ಬಿ ಇಟ್ಟು ಪಾಳಿ ಕಾಯುತ್ತಿದ್ದೆ. ಮಿಸ್ತ್ರಿಯ ಹೆಂಡತಿ ಬಂದಳು. ಬಾಯಿ ಗಟ್ಟಿಯ ಹೆಣ್ಣು.

"ಸರೀರೆವ್ವಾ, ಜಾಗಾ ಬಿಡ್ರಿ! ಇಂಜಿನೇರ್ ಬಾಯಾರು ಬಂದಾರ. ಅವರ ಜ್ವಾಳ ಮೊದಲ ಬೀಸ್ರಿ, ಇಲ್ಲಾಂದ್ರ ಗಿರಣಿಯವನೂ ಚಿಂದಿ ಹಾಕ್ಯಾನಂತ ಹೇಳ್ತಾರ."

ಹೆಂಗಸರು ನಕ್ಕರು. ಗಿರಣಿಯವನೂ ನಕ್ಕ. ನಾನು ಡಬ್ಬಿ ನೋಡುತ್ತಾ ನಿಂತೆ.

"ನಿನ್ನ ಕೂಡ ನನಗೇನು ಮಾತವ್ವಾ," ಅಂದೆ.

"ನನಗ ಐತಿ. ನನ್ನ ಗಂಡನ ಚಿಂದಿ ಎರಡು. ದಿನಾ ಒಗ್ಯಾಕಿ ನಾನು. ಆ ದಿವ್ಸ ಒಂದು ಹಸೀ ಇತ್ತು, ಒಂದ ಹಾಕ್ಕೊಂಡು ಹೋಗಿದ್ರು. ಬರ್ರಿ ನಮ್ಮ ಮನಿಗೆ. ಎಣಿಸಿ ತೋರಸ್ತೀನಿ. ಎರಡೂ ಅದಾವು. ಮತ್ತ ನೀವು ಪೈಪಿನಾಗಿಂದ ತಗದ ಚಿಂದಿ ಯಾರದು?"

ಯಾರೂ ನಗಲಿಲ್ಲ ಈಗ. ಹಿಟ್ಟು ಬೀಸಿಸಿಕೊಂಡು ಹೊರಟೆ. ಆದರೆ ಕಾಲು ಸುತ್ತುದಾರಿ ಹಿಡಿಯಲಿಲ್ಲ, ಅವರ ಓಣಿಗೆ ಹೋಯಿತು. ಅಂಗಡಿಯ ಮಗ್ಗುಲಿನ ಸಂದಿಯಲ್ಲಿ ಹಗ್ಗ ಕಟ್ಟಿದ್ದರು. ಹಗ್ಗದ ಮೇಲೆ ಎರಡು ಚಿಂದಿ. ಒಂದು ಹಳದಿ, ಒಂದು ಹಳೆಯ ಬನಿಯನ್ನಿನದು. ಎಷ್ಟೋ ಸಲ ಅವನ ಹೆಗಲ ಮೇಲೆ ನೋಡಿದವೇ. ತೊಳೆದು, ಜಾಡಿಸಿ, ಮೂಲೆಗೆ ಮೂಲೆ ಹಚ್ಚಿ ಒಣಗಹಾಕಿದ್ದಳು, ಒಳ್ಳೆಯ ಬಟ್ಟೆಯ ಹಾಗೆ. ನಾನು ಎರಡನ್ನೂ ಎಣಿಸಿದೆ. ನಾಚಿಕೆಯಿಲ್ಲದವಳು, ಮತ್ತೊಮ್ಮೆ ಎಣಿಸಿದೆ.

ಮರುದಿನ ಖಣದ ಗಂಟನ್ನು ಟ್ರಂಕಿನಿಂದ ತೆಗೆದೆ. ಬಿಚ್ಚಲಿಲ್ಲ, ಹಾಗೇ ಅಮ್ಮಾರ ಕಡೆ ಒಯ್ದೆ. ಅಡುಗೆಮನೆಯಲ್ಲಿ ಒಬ್ಬರೇ ಇದ್ದರು. ಕಟ್ಟೆಯ ಮೇಲೆ ಇಟ್ಟೆ.

"ಇದ ಅಮ್ಮಾರ, ಪೈಪಿನಾಗಿಂದು. ಮಿಸ್ತ್ರಿದಲ್ಲ. ನಾ ಗಂಗವ್ವಗ ಉಡಿ ತುಂಬಿದ್ದೆ. ಬುಟ್ಟಿ ತಗದಿದ್ದೆ, ಒಳಗ ಹೋತು."

ಅವರು ಮೊದಲು ನಕ್ಕರು. "ಅಷ್ಟೇನಾ? ಆಗ ಹೇಳಾಕ ಏನಾಗಿತ್ತು?" ಅಂದವರು ಅಲ್ಲೇ ನಿಂತರು. ನನ್ನ ಹಣೆ ನೋಡಿದರು. ನಗು ಹೋಯಿತು.

"ನೀ ತುಂಬಿದಿ?"

"ನಾನ."

"ನನ್ನ ಮಗಳು ಇಳಿಯೂ ನೀರಿಗೆ?"

"ಹೌದ್ರಿ."

ಒಲೆಯ ಮೇಲಿನ ಹಾಲು ಉಕ್ಕಿತು, ಆರಿಸಿದರು. ಆಮೇಲೆ ಅಂದರು: "ಮಗಳ ಮುಂದ ಬಾಯಿ ಬಿಡಬ್ಯಾಡ. ನಾಳಿಂದ ಬರಬ್ಯಾಡ." ನಾನು ಹೊರಟೆ. ಬಾಗಿಲ ಹತ್ತಿರ ಮತ್ತೆ ಕರೆದರು. "ಖಣಕ್ಕ ಚಿಂದಿ ಅಂದ್ಯಲ್ಲ ಅಜ್ಜೀ. ಅದೂ ಹೊಸಾದು."

"ಅಂದೆ ರೀ. ಮಿಸ್ತ್ರಿನ ವಾಪಸ್ ಕರೀರಿ. ತಂಗ್ಯಾರಿಗೂ ಹೇಳ್ರಿ," ಅಂದೆ. ಮಿಸ್ತ್ರಿಯನ್ನು ಕರೆದರು. ಎರಡು ದಿನ ಬಿಟ್ಟು ಐದು ಮಂದಿ ಮುತ್ತೈದೆಯರು ಬಂದು ಹೊಂಡದ ಮೆಟ್ಟಿಲ ಮೇಲೆ ತಟ್ಟೆಯಲ್ಲಿ ಉಡಿ ಇಟ್ಟು ಪೂಜೆ ಮಾಡಿದರಂತೆ. ಮುಂದೆ ದಿನ ತುಂಬಿದಾಗ ಅವರ ಮಗಳಿಗೆ ಸುಸೂತ್ರ ಹೆರಿಗೆಯಾಯಿತು. ಅದು ನನ್ನ ಉಡಿಯಿಂದಲೂ ಅಲ್ಲ, ಅವರ ಉಡಿಯಿಂದಲೂ ಅಲ್ಲ, ಡಾಕ್ಟರಿಂದ.

ನನ್ನ ಕೆಲಸ ಹೋದ ವಾರಕ್ಕೆ ಮಿಸ್ತ್ರಿ ನನ್ನ ಬಾಗಿಲಿಗೆ ಬಂದ. ಒಳಗೆ ಬಾ ಅಂದೆ. ಬರಲಿಲ್ಲ. ಹೊಸ್ತಿಲ ಆಚೆಯೇ ನಿಂತ. ಬೈಯುತ್ತಾನೆಂದು ತಲೆ ತಗ್ಗಿಸಿದೆ.

"ಅಡಿಕಿ ಎಷ್ಟು ಹಾಕಿದ್ರಿ ಉಡಿಯಾಗ?"

"ಏನಪ್ಪಾ?"

"ಅಡಿಕಿ. ಅಮ್ಮಾರು ಗಂಟು ಕೊಟ್ಟಾರ. ಬಿಚ್ಚಿ ನೋಡಿದೆ, ನಾಕ ಅದಾವು. ಎಳತ ಇನ್ನೂ ಕಡಿಮಿ ಐತಿ."

"ಉಡಿಗೆ ಎಷ್ಟು ಹಾಕ್ತಾರಪ್ಪಾ? ಐದ."

"ಹಂಗಾರ ಒಂದು ಒಳಗ ಐತಿ. ಬುಟ್ಟಿ ಎತ್ತಿದಾಗ ಜಾರಿ ಪಂಪಿನ ಫ್ಯಾನಿನಾಗ ಸಿಕ್ಕಿರಬೇಕು." ತಿರುಗಿ ಹೊರಟ.

"ತಮ್ಮಾ, ನಂದು ತಪ್ಪಾತು," ಅಂದೆ ಬೆನ್ನಿಗೆ.

ನಿಂತ. "ಮಂದಿ ಮುಂದ ಅಂದಿದ್ದು. ಇಲ್ಲಿ ಅಂದ್ರ ಏನು ಬಂತು," ಅಂದು ಹೋದ.

ಅವನು ಹೇಳಿದ್ದು ಸರಿ.

ಅವನು ಎರಡು ದಿನ ಆ ಅಡಿಕೆ ಹುಡುಕಿದ. ಓಣಿಯ ಹೆಂಗಸರೇ ಹೇಳಿದರು, ಪಂಪು ಬಿಚ್ಚಿ ಫ್ಯಾನು ತೆಗೆದು ಅಂಗಡಿಗೆ ತಂದಿದ್ದಾನೆ, ಉಣ್ಣಲೂ ಏಳುವುದಿಲ್ಲ ಎಂದು. ಮೂರನೆಯ ದಿನ ಬೆಳಗ್ಗೆ ನಾನು ಕುಟ್ಟಾಣಿಯಲ್ಲಿ ಎಲೆ ಅಡಿಕೆ ಕುಟ್ಟುತ್ತಾ ಕೂತಿದ್ದೆ. ಒಂದು ಅಡಿಕೆ ಒಡಕು ಬಂತು. ಕೈ ಅಲ್ಲೇ ನಿಂತಿತು. ಆ ದಿನ ಖಣದಲ್ಲಿ ಐದು ಅಡಿಕೆ ಇಟ್ಟಾಗಲೂ ಒಂದು ಒಡಕಿತ್ತು. ಒಡಕು ಅಡಿಕೆ ದೇವರಿಗೆ ಸಲ್ಲುವುದಿಲ್ಲ. ತೆಗೆದು ಬಾಯಿಗೆ ಹಾಕಿಕೊಂಡು, ಇನ್ನೊಂದು ಹಾಕಿದರಾಯಿತು ಅಂದುಕೊಂಡು ಮರೆತೆ. ಗಂಗವ್ವನ ಉಡಿಗೆ ನಾಲ್ಕೇ ಹೋದದ್ದು.

ಕುಟ್ಟಾಣಿ ಹಾಗೇ ಬಿಟ್ಟು ಎದ್ದೆ. ಈ ಸಲ ತಿಂಗಳು ಕಾಯಲಿಲ್ಲ. ಅಂಗಡಿಯ ಮುಂದೆ ನಾಲ್ಕು ಮಂದಿ ಮೋಟಾರು ಕೊಟ್ಟು ಕಾಯುತ್ತಾ ನಿಂತಿದ್ದರು. ಗಿರಣಿಯವನೂ ಅವರಲ್ಲಿದ್ದ. ಒಳ್ಳೆಯದೇ ಆಯಿತು.

"ಆ ಐದನೇ ಅಡಿಕಿ ಹುಡುಕಬ್ಯಾಡ. ಅದು ಒಳಗಿಲ್ಲ. ನಾನ ತಿಂದಿದ್ದೆ."

ಮಿಸ್ತ್ರಿ ತಲೆ ಎತ್ತಿದ. "ತಿಂದಿದ್ರಿ?"

"ಒಡಕಿತ್ತು. ತಿಂದೆ. ಮತ್ತ ಆ ದಿವ್ಸ ನಾ ಹೇಳಿದ್ದು ಸುಳ್ಳು. ಪೈಪಿನಾಗ ಇದ್ದಿದ್ದು ನನ್ನ ಖಣ. ಇವನ ಚಿಂದಿ ಅಲ್ಲ." ಇದನ್ನು ಗಿರಣಿಯವನ ಕಡೆ ತಿರುಗಿ ಹೇಳಿದೆ. ಅವನು ಕೈಯಲ್ಲಿನ ಬೀಡಿ ನೋಡಿಕೊಂಡ.

ಒಳಗಿನಿಂದ ಮಿಸ್ತ್ರಿಯ ಹೆಂಡತಿಯ ದನಿ ಬಂತು. "ಅಡಿಕಿ ಕೂಡ ಖಣಾನೂ ತಿಂದಿದ್ರ ನಮ್ಮ ಮಾನ ಉಳೀತಿತ್ತು!"

ಕಾಯುತ್ತಿದ್ದವರು ನಕ್ಕರು. ಮಿಸ್ತ್ರಿ ನಗಲಿಲ್ಲ. "ಹಂಗಾರ ಎಳತ ಯಾಕ ಕಡಿಮಿ ಐತಿ?" ಎಂದು ತನಗೆ ತಾನೇ ಕೇಳಿಕೊಂಡ.

"ಮುಚ್ಚಳದ ರಬ್ಬರ್ ನೋಡು. ಕೊಬ್ಬರಿ ಎಣ್ಣಿ ಹಚ್ಚಿದ್ದೆ. ಉಬ್ಬಿ ಸಡ್ಲಾಗಿರಬೇಕು."

ಅವನು ಕೈಯಲ್ಲಿನ ಪಾನೆ ಕೆಳಗಿಟ್ಟ. "ಬ್ಯಾಡ ಅಂತ ಹೇಳಿದ್ನೋ ಇಲ್ಲೋ?"

"ಹೇಳಿದ್ದಿ."

ಗೋಡೆಯ ಮೊಳೆಗೆ ರಬ್ಬರಿನ ಬಳೆಗಳು ತೂಗುತ್ತಿದ್ದವು. ಒಂದನ್ನು ಎಳೆದು ನೋಡಿ, ಬಿಟ್ಟು, ಇನ್ನೊಂದು ತೆಗೆದ. ಬಿಳಿ ಗ್ರೀಸಿನ ಡಬ್ಬಿ, ಬಿಚ್ಚಿ ತಂದಿದ್ದ ಫ್ಯಾನಿನೊಂದಿಗೆ ಪೆಟ್ಟಿಗೆಗೆ ಹಾಕಿಕೊಂಡ. ಸಂದಿಯ ಹಗ್ಗದಿಂದ ಹಳದಿ ಚಿಂದಿ ಎಳೆದು ಹೆಗಲಿಗೆ ಹಾಕಿದ. ಬೈಕ್ ಚಾಲೂ ಮಾಡಿ, ನನ್ನ ಕಡೆ ನೋಡದೆ ಹೋದ.

"ಮತ್ತೇನರ ತಿಂದೀರೇನು? ಇಲ್ಲಂದ್ರ ಮನಿಗೆ ನಡೀರಿ," ಅಂದಳು ಅವನ ಹೆಂಡತಿ.

ಇಲ್ಲ ಅಂದೆ. ಹಗ್ಗದ ಮೇಲೆ ಬನಿಯನ್ನಿನ ಚಿಂದಿ ಒಂದೇ ಉಳಿದಿತ್ತು. ಮನೆಗೆ ಬಂದೆ.